ಸತ್ಯಾಂಶ: ಹವಳದ ತೊಟ್ಟಿಗೆ ಮೈಲುತುತ್ತ ಹಾಕಬೇಡಿ

"ಹವಳದ ಅಕ್ವೇರಿಯಂನಲ್ಲಿ ಪಾಚಿ ಬಂದರೆ ಚಿಟಿಕೆ ಮೈಲುತುತ್ತ ಹಾಕಿ, ಎರಡೇ ದಿನದಲ್ಲಿ ಮಾಯ" ಎಂಬ ಸಂದೇಶ ಬಳ್ಳಾರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ದಯವಿಟ್ಟು ಹಾಕಬೇಡಿ.

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಅದು ಪಾಚಿಯನ್ನು ಕೊಲ್ಲುವುದು ನಿಜ. ಹವಳ, ಸೀಗಡಿ, ಬಸವನಹುಳುಗಳನ್ನೂ ಕೊಲ್ಲುತ್ತದೆ. ಮೇಲಾಗಿ ತಾಮ್ರ ಕಲ್ಲು, ಮರಳಿಗೆ ಅಂಟಿಕೊಂಡು ಬಹುಕಾಲ ಮತ್ತೆ ನೀರಿಗೆ ಇಳಿಯುತ್ತಿರುತ್ತದೆ.

ಪಾಚಿಯನ್ನು ಬೆಳೆಸುವುದು ನೈಟ್ರೇಟ್, ಫಾಸ್ಫೇಟ್. ನಮ್ಮ ಕಡೆ ಅವು ಬರುವ ಒಂದು ದಾರಿ ಬೋರ್ ನೀರು. ಬಿಸಿಲು 40 ಡಿಗ್ರಿ ಮುಟ್ಟಿದಾಗ ತೊಟ್ಟಿ ದಿನದಿನಕ್ಕೂ ತಗ್ಗುತ್ತದೆ. ಆವಿಯಾಗಿ ಹೋಗುವುದು ಬರೀ ನೀರು, ಅದರಲ್ಲಿ ಕರಗಿದ್ದೆಲ್ಲ ಅಲ್ಲೇ ಉಳಿಯುತ್ತದೆ. ಹೀಗಾಗಿ ಬೋರ್ ನೀರು ಸುರಿದಷ್ಟೂ ನೈಟ್ರೇಟ್ ಕೊಡಕ್ಕೆ ಕೊಡ ಕೂಡುತ್ತಾ ಹೋಗುತ್ತದೆ. ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ನೈಟ್ರೇಟ್ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ದಾಟಿದೆ. ಆರ್‌ಒ ಜೊತೆ ಡಿಐ (ಉಳಿದ ಲವಣವನ್ನೂ ಹಿಡಿಯುವ) ಫಿಲ್ಟರ್ ಹಾಯಿಸಿ, ಟಿಡಿಎಸ್ (ನೀರಲ್ಲಿ ಕರಗಿದ ಲವಣ ಅಳೆಯುವ) ಮೀಟರ್ 0 ತೋರಿಸುವ ನೀರನ್ನೇ ಸೇರಿಸಿ. ಕುಡಿಯುವ ಕ್ಯಾನ್ ನೀರು ಸಾಲದು.

ಮೀನಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿ. ಉದ್ದ ಎಳೆಗಳನ್ನು ಕೈಯಿಂದಲೇ ಕೀಳಿ, ಉಳಿದದ್ದನ್ನು ಟರ್ಬೊ ಬಸವನಹುಳು ಮೇಯುತ್ತದೆ. ಫಲ ಕಾಣಲು ವಾರಗಳೇ ಬೇಕು. ಹೊಸ ತೊಟ್ಟಿಯ ಕಂದು ಪದರವಾದರೆ ಹೆಚ್ಚಾಗಿ ತಾನಾಗಿಯೇ ಹೋಗುತ್ತದೆ.