ಲಿಸ್ಬನ್ ಬಂದರಿನಲ್ಲಿ ಕಾಣದ ಭಟ್ಕಳ

ಲಿಸ್ಬನ್ ನಗರದ ಚಿತ್ರಗಳು ಈಗ ನನ್ನ ಗೆಳೆಯರ ಬಳಗದಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ಹಳದಿ ಟ್ರಾಮ್, ಗುಡ್ಡದ ಮೇಲೆ ಒತ್ತೊತ್ತಾಗಿ ಹತ್ತಿದ ಹೆಂಚಿನ ಮನೆಗಳು, ನೀಲಿ ಬಿಳಿ ಟೈಲ್ಸ್ ಹೊದ್ದ ಗೋಡೆಗಳು, ನದಿಯಂಚಿನ ಬೆಲೆಂ ಗೋಪುರ. ಆ ಊರನ್ನು ನಾನೂ ನೋಡಿ ಬಂದಿದ್ದೇನೆ. ಅದು ಬಹಳ ಚೆಲುವಾದ ಊರು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಬರೆಯುತ್ತಿರುವುದು ಆ ಚೆಲುವಿನ ಬಗ್ಗೆ ಅಲ್ಲ. ಒಂದು ಹಳೆಯ ಬಂದರು ತನ್ನ ಚರಿತ್ರೆಯ ಯಾವ ಭಾಗವನ್ನು ಬಾಯಿಬಿಟ್ಟು ಹೇಳುತ್ತದೆ, ಯಾವ ಭಾಗದಲ್ಲಿ ತುಟಿ ಬಿಗಿಹಿಡಿಯುತ್ತದೆ ಎಂಬುದು ಅಲ್ಲಿ ನಡೆದಾಡಿದಷ್ಟೂ ಕಾಲ ನನ್ನನ್ನು ಕಾಡಿತು. ಆ ಚರಿತ್ರೆಯ ಇನ್ನೊಂದು ತುದಿ ನಮ್ಮ ಕರಾವಳಿಯಲ್ಲಿ ಇರುವುದರಿಂದ ಇದನ್ನು ಕನ್ನಡದಲ್ಲಿಯೇ ಹೇಳಬೇಕು ಅನ್ನಿಸಿತು.

ಲಿಸ್ಬನ್ ನೇರವಾಗಿ ಕಡಲಿಗೆ ಮುಖ ಮಾಡಿ ನಿಂತ ಊರಲ್ಲ. ತೇಜೊ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಮುನ್ನ ವಿಶಾಲವಾಗಿ ಹರಡಿ, ಊರಿನ ಮುಂದೆ ಕಿರಿದಾಗಿ, ಆಳವಾದ ಕಾಲುವೆಯಾಗಿ ಹರಿದು ಕಡಲಿಗೆ ಬೀಳುತ್ತದೆ. ಶರಾವತಿಯ ಅಥವಾ ಅಘನಾಶಿನಿಯ ಅಳಿವೆಯನ್ನು ಕಂಡವರಿಗೆ ಇಂಥ ನೆಲೆಯ ಬೆಲೆ ವಿವರಿಸಬೇಕಾಗಿಲ್ಲ: ಬಿರುಗಾಳಿಯಿಂದ ಹಡಗುಗಳಿಗೆ ರಕ್ಷಣೆ, ಸಾಗರಕ್ಕೆ ಹತ್ತಿರದ ದಾರಿ, ಒಳನಾಡಿಗೆ ನೀರಿನ ಹಾದಿ, ಈ ಮೂರೂ ಒಂದೇ ಕಡೆ ಸಿಗುತ್ತವೆ. 1497ರ ಜುಲೈ 8ರಂದು ವಾಸ್ಕೋ ಡ ಗಾಮಾ ಹೊರಟದ್ದು ಈ ನದಿಯ ಬೆಲೆಂ ದಂಡೆಯಿಂದ. ಮರುವರ್ಷದ ಮೇ ತಿಂಗಳಲ್ಲಿ ಅವನು ಕಲ್ಲಿಕೋಟೆಯ ಬಳಿ ಇಳಿದ. ಹಿಂದಿರುಗುವ ಮುನ್ನ ಹಡಗುಗಳನ್ನು ದುರಸ್ತಿ ಮಾಡಿಸಿಕೊಳ್ಳಲು ತಂಗಿದ್ದು ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ.

ಮೊದಲು ಲಿಸ್ಬನ್ನಿನ ದೊಡ್ಡತನದ ಬಗ್ಗೆ ಹೇಳಬೇಕು, ಏಕೆಂದರೆ ನನ್ನ ದೂರು ಹುಟ್ಟುವುದು ಆ ದೊಡ್ಡತನದಿಂದಲೇ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಗ್ಗೆ, ಜನ ಚರ್ಚುಗಳಲ್ಲಿ ತುಂಬಿ ಮೇಣದ ಬತ್ತಿಗಳು ಉರಿಯುತ್ತಿದ್ದಾಗ ನೆಲ ನಡುಗಿತು. ಕಟ್ಟಡಗಳಿಂದ ಪಾರಾದವರು ಬಯಲು ಸಿಕ್ಕಿತೆಂದು ನದಿಯ ದಂಡೆಗೆ ಓಡಿ ಬಂದರು. ಸ್ವಲ್ಪ ಹೊತ್ತಿನಲ್ಲಿ ಸಾಗರದ ದೈತ್ಯ ಅಲೆಗಳು ಅಲ್ಲಿಗೇ ನುಗ್ಗಿದವು. ಅದರಲ್ಲಿಯೂ ಉಳಿದದ್ದನ್ನು ದಿನಗಟ್ಟಲೆ ಉರಿದ ಬೆಂಕಿ ತಿಂದುಹಾಕಿತು. ಹತ್ತಾರು ಸಾವಿರ ಜನ ಸತ್ತರು. ನದಿಯಂಚಿನ ಅರಮನೆ, ಅದರ ಗ್ರಂಥಭಂಡಾರ, ಏಷ್ಯಾದ ವ್ಯಾಪಾರದ ಲೆಕ್ಕಪತ್ರಗಳನ್ನು ಇಟ್ಟಿದ್ದ ‘ಕಾಸಾ ದ ಇಂಡಿಯಾ’ ಎಲ್ಲವೂ ನಾಶವಾದವು. ಮುಂದೆ ಮಾರ್ಕ್ವಿಸ್ ಆಫ್ ಪೊಂಬಾಲ್ ಎಂದು ಹೆಸರಾದ ಮಂತ್ರಿ ಮತ್ತು ಅವನ ಎಂಜಿನಿಯರುಗಳು ತಗ್ಗಿನ ಪೇಟೆಯನ್ನು ನೇರ ಬೀದಿಗಳ ಜಾಲವಾಗಿ ಮತ್ತೆ ಕಟ್ಟಿದರು. ಗೋಡೆಗಳ ಒಳಗೆ ಮರದ ಪಂಜರದಂಥ ಚೌಕಟ್ಟನ್ನು ಕೂರಿಸಿ, ನೆಲ ಅಲುಗಿದಾಗ ಕಟ್ಟಡ ಬಾಗಿದರೂ ಕುಸಿಯದಂತೆ ಮಾಡಿದರು. ಭೂಕಂಪ ಎಷ್ಟು ಹೊತ್ತು ಇತ್ತು, ಎಷ್ಟು ಮನೆ ಬಿದ್ದವು, ಕಡಲು ಮೊದಲು ಏರಿತೋ ಇಳಿಯಿತೋ ಎಂದು ದೇಶದ ಎಲ್ಲ ಪ್ಯಾರಿಷ್‌ಗಳಿಗೂ (ಒಂದೊಂದು ಚರ್ಚಿನ ವ್ಯಾಪ್ತಿಯ ಊರುಕೇರಿಗಳಿಗೂ) ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಂಡರು. ದೇವರ ಕೋಪ ಎಂದು ಕೈಮುಗಿದು ಕೂರಬಹುದಾಗಿದ್ದ ಕಾಲದಲ್ಲಿ ಹೀಗೆ ಕೇಳಿ ಬರೆದಿಟ್ಟುಕೊಂಡದ್ದು ಸಣ್ಣ ಮಾತಲ್ಲ.

ಆ ದಿನದ ನೆನಪನ್ನು ಲಿಸ್ಬನ್ ಮುಚ್ಚಿಟ್ಟಿಲ್ಲ. ಗುಡ್ಡದ ಮೇಲಿನ ಕಾರ್ಮೊ ಚರ್ಚಿಗೆ ಇಂದಿಗೂ ಚಾವಣಿಯಿಲ್ಲ. ಭೂಕಂಪದ ನಂತರ ಕಟ್ಟಲು ತೊಡಗಿ, 1834ರಲ್ಲಿ ಮಠಗಳನ್ನು ಸರ್ಕಾರ ರದ್ದು ಮಾಡಿದಾಗ ಕೆಲಸ ನಿಂತು, ಆಮೇಲೆ ಅದನ್ನು ಹಾಗೆಯೇ ಉಳಿಸಿಕೊಂಡರು. ಕಲ್ಲಿನ ಕಮಾನುಗಳು ಬರಿಯ ಆಕಾಶದ ಕೆಳಗೆ ಎದ್ದು ನಿಂತಿವೆ. ಒಳಗೆ ಹುಲ್ಲು ಬೆಳೆದಿದೆ. ಅಲ್ಲಿ ನಿಂತವರಿಗೆ ಯಾವ ಫಲಕವನ್ನೂ ಓದುವ ಅಗತ್ಯವಿಲ್ಲ. ಕೆಳಗಿನ ಸಾಂವ್ ದೊಮಿಂಗೊ ಚರ್ಚಿನದು ಇನ್ನೂ ಗಟ್ಟಿಯಾದ ನಿದರ್ಶನ. 1506ರ ಏಪ್ರಿಲ್‌ನಲ್ಲಿ, ಬರ ಮತ್ತು ಪ್ಲೇಗಿನ ನಡುವೆ, ಆ ಚರ್ಚಿನಲ್ಲಿ ಪವಾಡ ಕಂಡಿತೆಂದು ಜನ ಕೂಗಾಡುತ್ತಿದ್ದಾಗ ಬಲವಂತದಿಂದ ಕ್ರೈಸ್ತನಾಗಿದ್ದ ಒಬ್ಬ ಯೆಹೂದಿ ಅದರ ಬಗ್ಗೆ ಸಂಶಯ ತೋರಿದ. ಅವನನ್ನು ಹೊರಗೆಳೆದು ಕೊಂದ ಗುಂಪು, ಮುಂದಿನ ದಿನಗಳಲ್ಲಿ ಸಾವಿರಾರು ಜನರನ್ನು ಕೊಂದಿತು. 2008ರಲ್ಲಿ ಅದೇ ಚರ್ಚಿನ ಮುಂದೆ, ಜನ ಕೂತು ಹರಟುವ ಚೌಕದಲ್ಲಿ, ಆ ಹತ್ಯಾಕಾಂಡದ ಸ್ಮಾರಕ ಶಿಲೆಯನ್ನು ನಗರ ನಿಲ್ಲಿಸಿತು. 1959ರಲ್ಲಿ ಬೆಂಕಿಗೆ ತುತ್ತಾದ ಚರ್ಚಿನ ಒಳಗೋಡೆಗಳನ್ನೂ ನುಣುಪು ಮಾಡದೆ, ಸಿಡಿದ ಕಂಬಗಳನ್ನು ಹಾಗೆಯೇ ಬಿಟ್ಟಿದ್ದಾರೆ. ತನ್ನ ಗಾಯವನ್ನಷ್ಟೇ ಅಲ್ಲದೆ, ತಾನೇ ಮಾಡಿದ ಒಂದು ಘೋರ ಅಪರಾಧವನ್ನೂ ಊರ ನಡುವೆ ಒಪ್ಪಿಕೊಳ್ಳಬಲ್ಲ ಊರು ಇದು.

ಇಷ್ಟನ್ನೂ ನೋಡಿಕೊಂಡು ಬೆಲೆಂಗೆ ಬಂದರೆ ಬೇರೆಯೇ ಧ್ವನಿ ಕೇಳಿಸುತ್ತದೆ.

ಜೆರೊನಿಮೊಸ್ ಮಠವನ್ನು ಕಂಡು ಬೆರಗಾಗದಿರಲು ಸಾಧ್ಯವಿಲ್ಲ. ದೊರೆ ಮ್ಯಾನುಯೆಲ್ 16ನೆಯ ಶತಮಾನದ ಆರಂಭದಲ್ಲಿ ಶುರುಮಾಡಿಸಿದ ಈ ಕಟ್ಟಡಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ತಿರುಚಿದ ಹಗ್ಗ, ಕಡಲ ಬಳ್ಳಿ, ಖಗೋಳದ ಬಳೆಗಳು ಎಲ್ಲವನ್ನೂ ಸುಣ್ಣಕಲ್ಲಿನಲ್ಲಿ ಕೆತ್ತಿ, ಕಂಬಗಳು ತಾಳೆಮರಗಳಂತೆ ಚಾವಣಿಯಲ್ಲಿ ಗರಿಬಿಚ್ಚುವಂತೆ ಮಾಡಿದ್ದಾರೆ. ಗರ್ಭಗುಡಿಯ ಭಾಗದಲ್ಲಿ ದೊರೆಗಳ ಸಮಾಧಿಗಳನ್ನು ಅಮೃತಶಿಲೆಯ ಆನೆಗಳು ಬೆನ್ನ ಮೇಲೆ ಹೊತ್ತು ನಿಂತಿವೆ. ಈ ಕೆಲಸಕ್ಕೆ ಹಣ ಬಂದದ್ದು ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇಕಡಾ 5ರ ತೆರಿಗೆಯಿಂದ. ಜನ ಅದನ್ನು ಮೆಣಸಿನ ತೆರಿಗೆಯೆಂದೇ ನೆನಪಿಟ್ಟುಕೊಂಡಿದ್ದಾರೆ. ನಿಜವಾಗಿ ಕಾಳುಮೆಣಸಿನ ಆದಾಯ ಆ ತೆರಿಗೆಗೂ ಸಿಗದೆ ನೇರವಾಗಿ ಅರಮನೆಯ ಬೊಕ್ಕಸಕ್ಕೆ ಹೋಗುತ್ತಿತ್ತು, ಏಕೆಂದರೆ ಆ ವ್ಯಾಪಾರವೇ ದೊರೆಯ ಸ್ವತ್ತಾಗಿತ್ತು. ಚರ್ಚಿನ ಬಾಗಿಲು ದಾಟುತ್ತಿದ್ದಂತೆ ವಾಸ್ಕೋ ಡ ಗಾಮಾನ ಸಮಾಧಿ ಇದೆ. ಎಲ್ಲರೂ ಅಲ್ಲಿ ನಿಲ್ಲುತ್ತಾರೆ, ಫೋಟೊ ತೆಗೆಯುತ್ತಾರೆ. ಸಮಾಧಿಯ ಪಕ್ಕದಲ್ಲಿ ಹಡಗು, ಹಗ್ಗ, ಶಿಲುಬೆಗಳ ಕೆತ್ತನೆ ಇದೆ.

1502ರಲ್ಲಿ ಅದೇ ಗಾಮಾ ಎರಡನೆಯ ಸಲ ಬಂದಾಗ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ತಡೆದು, ಸರಕನ್ನು ದೋಚಿ, ಹೆಂಗಸರು ಮಕ್ಕಳ ಸಮೇತ ನೂರಾರು ಜನರನ್ನು ಒಳಗಿಟ್ಟು ಸುಟ್ಟ. ಅದೇ ಯಾನದಲ್ಲಿ ಹೊನ್ನಾವರ, ಭಟ್ಕಳಗಳ ಮೇಲೆ ಎರಗಿದ. ಭಟ್ಕಳ ಪೋರ್ಚುಗೀಸರಿಗೆ ಅಕ್ಕಿಯ ಕಪ್ಪ ಕೊಡಲು ಒಪ್ಪಬೇಕಾಯಿತು. ಭಟ್ಕಳವೆಂದರೆ ಆಗ ವಿಜಯನಗರಕ್ಕೆ ಅರಬ್ಬರ ಕುದುರೆಗಳು ಬಂದಿಳಿಯುತ್ತಿದ್ದ, ಘಟ್ಟದ ಮೆಣಸು ಹೊರಹೋಗುತ್ತಿದ್ದ ಬಂದರು. ಮುಂದೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರೇ ಮೆಣಸಿನ ರಾಣಿ ಎಂದು ಕರೆದರು. ಉಳ್ಳಾಲದ ಅಬ್ಬಕ್ಕ ಕಪ್ಪ ಕೊಡುವುದಿಲ್ಲವೆಂದು ಅವರೊಡನೆ ಕಾದಾಡಿದಳು. ಇತಿಹಾಸ ಎಲ್ಲ ಕಡೆಯೂ ಸರಳವಲ್ಲ ಎನ್ನುವುದನ್ನೂ ಮರೆಯಬಾರದು: 1510ರಲ್ಲಿ ಪೋರ್ಚುಗೀಸ್ ಸೇನಾನಿ ಆಲ್ಬುಕರ್ಕ್ ಗೋವಾ ಗೆಲ್ಲಲು ಹೊನ್ನಾವರದ ನೌಕಾನಾಯಕ ತಿಮ್ಮಯ್ಯನೇ ಹುರಿದುಂಬಿಸಿ ನೆರವಾದ. ಈ ಯಾವ ಹೆಸರನ್ನೂ ನಾನು ಬೆಲೆಂನಲ್ಲಿ ಕಾಣಲಿಲ್ಲ. ಮೆಣಸು ಎಲ್ಲಿಂದಲೋ ತಾನಾಗಿ ತೇಲಿ ಬಂದು ಕಲ್ಲಾಗಿ ನಿಂತಿತು ಎಂಬ ಭಾವನೆ ಅಲ್ಲಿನ ವಿವರಣೆಗಳನ್ನು ಓದಿದವರಿಗೆ ಬಂದರೆ ಅದು ಓದಿದವರ ತಪ್ಪಲ್ಲ.

ಮಠದ ಎದುರು, ನದಿಯ ಅಂಚಿಗೆ, ಐವತ್ತು ಮೀಟರಿಗೂ ಎತ್ತರದ ಅನ್ವೇಷಣೆಗಳ ಸ್ಮಾರಕವಿದೆ. ಹಡಗಿನ ಮೂತಿಯಂತೆ ನೀರಿನ ಮೇಲೆ ಚಾಚಿಕೊಂಡ ಕಲ್ಲಿನ ಮೇಲೆ, ಕಡಲಯಾನಗಳಿಗೆ ಬೆಂಬಲವಾಗಿ ನಿಂತ ರಾಜಕುಮಾರ ಹೆನ್ರಿಯ ಹಿಂದೆ ನಾವಿಕರು, ಪಾದ್ರಿಗಳು, ನಕ್ಷೆಗಾರರು ಸಾಲಾಗಿ ಏರುತ್ತಿದ್ದಾರೆ. 33 ಮಂದಿಯಲ್ಲಿ ಹೆಂಗಸು ಒಬ್ಬಳೇ, ಹೆನ್ರಿಯ ತಾಯಿ. ಇದನ್ನು ನೋಡಿ 16ನೆಯ ಶತಮಾನದ್ದೆಂದು ಭಾವಿಸುವವರಿದ್ದಾರೆ. ಆದರೆ ಇದು ಪೋರ್ಚುಗಲ್ಲನ್ನು ಆಳುತ್ತಿದ್ದ ಸಲಾಜಾರ್‌ನ ಸರ್ವಾಧಿಕಾರ 1940ರ ಮಹಾಪ್ರದರ್ಶನಕ್ಕಾಗಿ ತಾತ್ಕಾಲಿಕವಾಗಿ ನಿಲ್ಲಿಸಿ, 1960ರಲ್ಲಿ ಕಾಂಕ್ರೀಟು ಮತ್ತು ಕಲ್ಲಿನಲ್ಲಿ ಖಾಯಂ ಮಾಡಿದ ಕಟ್ಟಡ. ಅದರ ಮುಂದಿನ ನೆಲದಲ್ಲಿ ಹಾಸಿರುವ ದಿಕ್ಸೂಚಿಯ ದೊಡ್ಡ ನಕ್ಷೆ ಅದೇ ವರ್ಷ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾ ಕೊಟ್ಟ ಉಡುಗೊರೆ. 1940ರಲ್ಲಿ ಪಕ್ಕದ ತೋಟದಲ್ಲಿ ವಸಾಹತುಗಳಿಂದ ಕರೆತಂದ ಮನುಷ್ಯರನ್ನು ನೋಡುಗರಿಗಾಗಿ ಪ್ರದರ್ಶನಕ್ಕೆ ಇಟ್ಟಿದ್ದರು. 1961ರಲ್ಲಿ ಗೋವಾ ಕೈಬಿಟ್ಟಿತು. 1974ರ ಏಪ್ರಿಲ್ 25ರ ಕ್ರಾಂತಿ ಆ ಸರ್ವಾಧಿಕಾರವನ್ನೇ ಕೊನೆಗಾಣಿಸಿತು. ಅದರ ಬೆನ್ನಿಗೆ ಅಂಗೋಲಾ, ಮೊಜಾಂಬಿಕ್‌ಗಳಿಂದ ಲಕ್ಷಗಟ್ಟಲೆ ಪೋರ್ಚುಗೀಸರು ಇದ್ದಬದ್ದದ್ದನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಮರಳಿದಾಗ, ಆ ಪೆಟ್ಟಿಗೆಗಳ ರಾಶಿ ಬಂದು ಬಿದ್ದದ್ದು ಇದೇ ಸ್ಮಾರಕದ ಬುಡದಲ್ಲಿ. ಆ ದೃಶ್ಯದ ಛಾಯಾಚಿತ್ರಗಳು ಇವೆ. ಅಂಥ ಒಂದು ಚಿತ್ರವನ್ನು ದೊಡ್ಡದಾಗಿ ಅಲ್ಲಿಯೇ ನಿಲ್ಲಿಸಿದರೆ ಬಂದವರಿಗೆ ಎಷ್ಟೋ ವಿಷಯ ತಾನಾಗಿ ತಿಳಿಯುತ್ತದೆ.

ಬೆಲೆಂ ಗೋಪುರದ ಬುಡದಲ್ಲಿ, ಸವೆದು ಗುರುತು ಸಿಗದಂತಾದ ಒಂದು ಘೇಂಡಾಮೃಗದ ತಲೆ ಇದೆ. ಗುಜರಾತಿನ ಸುಲ್ತಾನ ಮುಜಫರ್ ಷಾ ಆಲ್ಬುಕರ್ಕ್‌ಗೆ ಕೊಟ್ಟ, ಅವನು ದೊರೆಗೆ ಕಳಿಸಿದ ಪ್ರಾಣಿ ಅದು. 1515ರ ಮೇ ತಿಂಗಳಲ್ಲಿ ಇಲ್ಲಿ ಬಂದಿಳಿಯಿತು. ಮರುವರ್ಷ ಪೋಪ್‌ಗೆ ಉಡುಗೊರೆಯಾಗಿ ಕಳಿಸುವಾಗ ಇಟಲಿಯ ತೀರದಲ್ಲಿ ಹಡಗು ಮುಳುಗಿ ಸತ್ತಿತು. ಅದನ್ನು ಕಣ್ಣಾರೆ ಕಾಣದೆಯೇ ಜರ್ಮನಿಯ ಕಲಾವಿದ ಡ್ಯೂರರ್ ಮಾಡಿದ ಅಚ್ಚುಚಿತ್ರ ಜಗತ್ಪ್ರಸಿದ್ಧವಾಯಿತು. ಈ ಕಥೆಯನ್ನು ಮಾರ್ಗದರ್ಶಿಗಳು ಪ್ರೀತಿಯಿಂದ ಹೇಳುತ್ತಾರೆ. ಅದೇ 1515ರ ನವೆಂಬರಿನಲ್ಲಿ ದೊರೆ ಮ್ಯಾನುಯೆಲ್ ಬರೆಸಿದ ಇನ್ನೊಂದು ಆಜ್ಞೆಯ ಕಥೆಯನ್ನು ಅಷ್ಟು ಪ್ರೀತಿಯಿಂದ ಯಾರೂ ಹೇಳುವುದಿಲ್ಲ. ಸತ್ತ ಗುಲಾಮರ ಹೆಣಗಳನ್ನು ಊರ ಹೊರಗೆ ಎಲ್ಲೆಂದರಲ್ಲಿ ಎಸೆಯುತ್ತಿದ್ದುದರಿಂದ ರೋಗ ಹರಡಬಹುದೆಂಬ ಭಯದಿಂದ, ಅವನ್ನು ಹಾಕಲು ಒಂದು ಆಳವಾದ ಗುಂಡಿ ತೋಡಿಸಬೇಕೆಂದು ಆತ ಆಜ್ಞಾಪಿಸಿದ. ‘ಕರಿಯರ ಬಾವಿ’ ಎಂಬ ಹೆಸರಿನ ಬೀದಿ, ಪ್ರವಾಸಿಗರು ಮುಗಿಬೀಳುವ 28ನೆಯ ಟ್ರಾಮಿನ ಹಾದಿಗೆ ತಾಗಿಕೊಂಡೇ ಇದೆ. ಈಗ ಅಲ್ಲಿ ಕಾಫಿ ಅಂಗಡಿಗಳಿವೆ. ಹಳೆಯ ಕೇರಿಯಾದ ಅಲ್ಫಾಮಾದ ತಪ್ಪಲಿನಲ್ಲಿ ರಾಜನ ಕಾರಂಜಿ ಎಂಬ ಹಳೆಯ ನೀರಿನ ಕಟ್ಟೆ ಉಳಿದಿದೆ. ಅದರ ಯಾವ ನಳಿಗೆಯಲ್ಲಿ ಕರಿಯ ಗುಲಾಮರು ನೀರು ಹಿಡಿಯಬೇಕು, ಯಾವುದರಲ್ಲಿ ಬಿಳಿಯ ಗಂಡಸರು, ಯಾವುದರಲ್ಲಿ ಬಿಳಿಯ ಹೆಂಗಸರು ಎಂದು 1551ರಲ್ಲಿ ನಗರಸಭೆ ನಿಯಮ ಮಾಡಿತ್ತು. ನಮ್ಮ ಕೆರೆ ಬಾವಿಗಳ ಚರಿತ್ರೆ ಬಲ್ಲ ಯಾರೂ ಆ ಕಟ್ಟೆಯ ಮುಂದೆ ತಲೆಯೆತ್ತಿ ನಿಂತು ಲಿಸ್ಬನ್ನಿಗೆ ಬುದ್ಧಿ ಹೇಳಲಾರರು. ಆದರೂ ಹೇಳಬೇಕಾದದ್ದನ್ನು ಹೇಳಲೇಬೇಕು.

ಇದನ್ನು ಹೊರಗಿನವರ ತಗಾದೆ ಎಂದು ತಳ್ಳಿಹಾಕುವಂತಿಲ್ಲ. ಗುಲಾಮರ ನೆನಪಿಗೆ ಸ್ಮಾರಕ ಬೇಕೆಂದು ಆಫ್ರಿಕಾ ಮೂಲದ ನಾಗರಿಕರ ಸಂಘಟನೆಯೊಂದು ಮುಂದಿಟ್ಟ ಪ್ರಸ್ತಾವವನ್ನು 2017ರಲ್ಲಿ ಲಿಸ್ಬನ್ನಿನ ಜನರೇ ಮತ ಹಾಕಿ ನಗರದ ಬಜೆಟ್ಟಿಗೆ ಸೇರಿಸಿದರು. ಅಂಗೋಲಾದ ಕಲಾವಿದ ಕಿಲುವಾಂಜಿ ಕಿಯಾ ಹೆಂಡಾ ಅವರು ಕಬ್ಬಿನ ಜಲ್ಲೆಗಳ ಕಪ್ಪು ತೋಟವೊಂದನ್ನು ಲೋಹದಲ್ಲಿ ಕಲ್ಪಿಸಿಕೊಟ್ಟರು. ಹಳೆಯ ಬಂದರಿನ ದಂಡೆಯಲ್ಲಿ, ಆಲ್ಬುಕರ್ಕ್‌ನ ಮಗ ಕಟ್ಟಿಸಿದ ಮೊನಚುಗಲ್ಲಿನ ಮನೆಯ ಎದುರಿನ ಬಯಲಲ್ಲಿ, ಅದು ನಿಲ್ಲಬೇಕಿತ್ತು. ಆಮೇಲೆ ಅದು ವರ್ಷಗಟ್ಟಲೆ ನೆನೆಗುದಿಗೆ ಬಿದ್ದಿತು. 2023ರ ಏಪ್ರಿಲ್‌ನಲ್ಲಿ ದೇಶದ ಅಧ್ಯಕ್ಷರೇ ಗುಲಾಮರ ವ್ಯಾಪಾರಕ್ಕೆ ಪೋರ್ಚುಗಲ್ ಕ್ಷಮೆ ಕೇಳಿ ಹೊಣೆ ಹೊರಬೇಕೆಂದು ಬಹಿರಂಗವಾಗಿ ಹೇಳಿದರು. ಇಷ್ಟಾದ ಮೇಲೂ ಒಂದು ಸ್ಮಾರಕಕ್ಕೆ ಇಷ್ಟು ವಿಳಂಬವೇಕೆ ಎಂಬ ಪ್ರಶ್ನೆಗೆ ನನಗೆ ಒಪ್ಪುವಂಥ ಉತ್ತರ ಸಿಗಲಿಲ್ಲ. 1506ರ ಹತ್ಯಾಕಾಂಡದ ನೆನಪಿನ ಕಲ್ಲನ್ನು ನಿಲ್ಲಿಸಿದ ಕೈಗಳಿಗೆ ಇದು ಅಸಾಧ್ಯವಾದ ಕೆಲಸವಲ್ಲ. ಅನ್ವೇಷಣೆಗಳ ಸ್ಮಾರಕವನ್ನು ಕೆಡವಬೇಕೆಂದು ನಾನು ಹೇಳುವುದಿಲ್ಲ. ಅದನ್ನು ಯಾರು, ಯಾವಾಗ, ಯಾತಕ್ಕೆ ಕಟ್ಟಿದರು ಎಂಬುದು ಅದರ ಮುಂದೆಯೇ ಎಲ್ಲರಿಗೂ ಕಾಣುವಂತೆ ಇರಬೇಕು, ಜೆರೊನಿಮೊಸ್ ಮಠದ ಬಾಗಿಲಲ್ಲಿ ಹಣ ಬಂದ ದಾರಿಯ ಊರುಗಳ ಹೆಸರು ಇರಬೇಕು.

ಇನ್ನು ನಮ್ಮ ಪಾಲಿನ ಕೆಲಸ. ಲಿಸ್ಬನ್ನಿನ ರಾಷ್ಟ್ರೀಯ ಪತ್ರಾಗಾರ ತೊರೆ ದೊ ತೊಂಬೊ, 1755ರಲ್ಲಿ ಅದಿದ್ದ ಕೋಟೆಯ ಗೋಪುರ ಕುಸಿದರೂ ಕಾಗದಗಳು ಉಳಿದುಕೊಂಡಿದ್ದರಿಂದ, ಇಂದಿಗೂ ಸಂಶೋಧಕರಿಗೆ ತೆರೆದಿದೆ. ವಿಜಯನಗರದ ಬಗ್ಗೆ ನಾವು ಮತ್ತೆಮತ್ತೆ ಉಲ್ಲೇಖಿಸುವ, 16ನೆಯ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸರಾದ ಪಾಯೆಸ್ ಮತ್ತು ನ್ಯೂನಿಜ್‌ರ ಬರಹಗಳು ಮೂಲ ಪೋರ್ಚುಗೀಸಿನಲ್ಲಿ ಅಚ್ಚಾದದ್ದು 1897ರಲ್ಲಿ, ಇದೇ ಲಿಸ್ಬನ್ನಿನಲ್ಲಿ. ನಾವು ಅವನ್ನು ಇಂದಿಗೂ ಬಹುಮಟ್ಟಿಗೆ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದ ಮೂಲಕವೇ ಓದುತ್ತೇವೆ. ಗೋವಾ ಮತ್ತು ಕೆನರಾದ ಸಂಬಂಧಗಳ ಬಗ್ಗೆ ಪೋರ್ಚುಗೀಸ್ ದಾಖಲೆಗಳನ್ನು ಹಿಡಿದು ದುಡಿದ ಬಿ. ಎಸ್. ಶಾಸ್ತ್ರಿಯವರಂಥ ವಿದ್ವಾಂಸರು ನಮ್ಮಲ್ಲಿ ವಿರಳ. ಭಟ್ಕಳ, ಹೊನ್ನಾವರ, ಬಸರೂರು, ಮಿರ್ಜಾನ್, ಗೇರುಸೊಪ್ಪೆಗಳ ಬಗ್ಗೆ ಆ ಭಾಷೆಯಲ್ಲಿ ಬರೆದಿಟ್ಟದ್ದನ್ನು ನೇರವಾಗಿ ಓದಬಲ್ಲ ನಾಲ್ಕು ಮಂದಿ ತರುಣ ತರುಣಿಯರನ್ನು ನಮ್ಮ ವಿಶ್ವವಿದ್ಯಾಲಯಗಳು ತಯಾರು ಮಾಡಿ, ಅಲ್ಲಿಗೆ ಕಳಿಸಿ, ಅವರು ಓದಿದ್ದನ್ನು ಕನ್ನಡದಲ್ಲಿ ಅಚ್ಚುಹಾಕಬೇಕು. ಅದಕ್ಕೆ ಬೇಕಾಗುವ ಹಣ ಒಂದು ಉತ್ಸವದ ವೇದಿಕೆಗೆ ತಗಲುವ ಖರ್ಚಿಗಿಂತ ಹೆಚ್ಚಿರಲಾರದು. ಈ ಬರಹ ಓದುವವರಲ್ಲಿ ಕರಾವಳಿಯ ಕಾಲೇಜುಗಳ ಇತಿಹಾಸದ ಅಧ್ಯಾಪಕರು ಇದ್ದರೆ, ಪೋರ್ಚುಗೀಸ್ ಕಲಿಯಲು ಆಸಕ್ತಿಯಿರುವ ವಿದ್ಯಾರ್ಥಿಗಳು ನಿಮ್ಮಲ್ಲಿ ಇದ್ದಾರೆಯೇ ಎಂದು ದಯವಿಟ್ಟು ಕೇಳಿ ನೋಡಿ. ಗೋವಾದಲ್ಲಿ ಆ ಭಾಷೆಯನ್ನು ಕಲಿಸುತ್ತಾರೆ. ಕಾರವಾರದಿಂದ ಅದು ದೂರವೂ ಅಲ್ಲ.