ಸತ್ಯಾಂಶ: ಮಾರ್ಷಲ್ ದ್ವೀಪವಾಸಿಗಳಿಗೆ ಅಮೆರಿಕದ ಆರೋಗ್ಯ ವಿಮೆ ಸದಾ ಉಚಿತವೇ?

ಪೆಸಿಫಿಕ್ ಸಾಗರದ ಪುಟ್ಟ ದೇಶವಾದ ಮಾರ್ಷಲ್ ದ್ವೀಪಗಳಿಂದ ವಲಸೆ ಬಂದವರು ತೆರಿಗೆ ಕಟ್ಟದಿದ್ದರೂ, ಅಮೆರಿಕದಲ್ಲಿ ಕಾಲಿಟ್ಟ ದಿನದಿಂದಲೇ ಅವರಿಗೆ ಉಚಿತ ಆರೋಗ್ಯ ವಿಮೆ ಸಿಗುತ್ತದೆ ಎಂಬ ಸಂದೇಶ ನಿಜವಲ್ಲ. ಎರಡೂ ದೇಶಗಳ ನಡುವೆ 1986ರಲ್ಲಿ ಜಾರಿಗೆ ಬಂದ ಒಪ್ಪಂದದಂತೆ ಅವರು ವೀಸಾ ಇಲ್ಲದೆ ಅಲ್ಲಿ ನೆಲೆಸಿ ದುಡಿಯಬಹುದು. ದುಡಿದವರು ಉಳಿದವರಂತೆಯೇ ತೆರಿಗೆಯನ್ನೂ ಕಟ್ಟುತ್ತಾರೆ. ಆದರೂ 1996ರ ಕಲ್ಯಾಣ ಸುಧಾರಣಾ ಕಾಯ್ದೆಯು, ತುರ್ತು ಚಿಕಿತ್ಸೆಯ ಹೊರತಾಗಿ, ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನ ಕೇಂದ್ರ ಅನುದಾನದಿಂದ ಅವರನ್ನು ಹೊರಗಿಟ್ಟಿತು. 1946ರಿಂದ 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ 67 ಅಣ್ವಸ್ತ್ರ ಪರೀಕ್ಷೆಗಳನ್ನು ನಡೆಸಿದ ದೇಶವೇ ಹೀಗೆ ಮಾಡಿತೆಂಬುದು ನಿಜಕ್ಕೂ ನೋವಿನ ಸಂಗತಿ. ಹವಾಯಿಯಂತಹ ಕೆಲವು ರಾಜ್ಯಗಳು ಸ್ವಂತ ಹಣದಿಂದ ನೆರವಾದವು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮೆಡಿಕೇಡ್ ಅರ್ಹತೆಯನ್ನು ಮರಳಿಸಿತಾದರೂ, ಆದಾಯ ಮಿತಿಯೇ ಮೊದಲಾದ ನಿಯಮಗಳಿಗೆ ಒಳಪಡುವವರಿಗೆ, ಅದೂ ಅರ್ಜಿ ಸಲ್ಲಿಸಿದ ಮೇಲಷ್ಟೇ, ಈ ವಿಮೆ ದೊರೆಯುತ್ತದೆ.