ಒಂದೇ ನಾಲಿಗೆಯ ಡೀಕನ್ ಅಂಕಲ್

ಸ್ಮರಣೆ ಕೂಟದಲ್ಲಿ ಮೊದಲು ಎದ್ದು ನಿಂತವರು, "ಅಂಕಲ್ ಯಾರ ಮನಸ್ಸನ್ನೂ ನೋಯಿಸಿದವರಲ್ಲ" ಅಂದರು. ನಾನು ಗಾಬರಿಯಾಗಿ ಮೇಜಿನ ಮೇಲಿದ್ದ ಫೋಟೋ ನೋಡಿದೆ. ಹೂವಿನ ನಡುವಿನಿಂದ ಆ ದಪ್ಪ ಮೀಸೆ ಈಗ "ಸುಳ್ಳು! ಕೂತ್ಕೊಳ್ರೀ" ಅನ್ನುತ್ತೆ ಅಂತ ಕಾದೆ. ಅನ್ನಲಿಲ್ಲ. ಅವರು ನಿಜವಾಗಿಯೂ ಹೋಗಿಬಿಟ್ಟಿದ್ದಾರೆ ಅಂತ ನನಗೆ ನಂಬಿಕೆ ಬಂದದ್ದು ಆಗಲೇ.

ಎರಡನೆಯವರು "ಬಹಳ ಮೃದು ಮಾತು" ಅಂದರು. ಇದೇ ಮನುಷ್ಯನಿಗೆ ಅಂಕಲ್ ಒಂದು ಭಾನುವಾರ ಎಲ್ಲರ ಮುಂದೆ, "ದೇವರಿಗೆ ಕಿವಿ ಚೆನ್ನಾಗೇ ಕೇಳುತ್ತೆ, ಸ್ವಲ್ಪ ಮೆಲ್ಲಗೆ ಹಾಡಿ" ಅಂದಿದ್ದರು.

ಕೆಲವು ಚರ್ಚುಗಳಲ್ಲಿ ಡೀಕನ್ ಅಂದರೆ ಪಾದ್ರಿಯಾಗುವ ಮುಂಚಿನ ಮೆಟ್ಟಿಲು. ನಮ್ಮಲ್ಲಿ ಹಾಗಲ್ಲ. ಸಭೆಯವರೇ ಆರಿಸುವ ಸೇವಕ, ಸಂಬಳವಿಲ್ಲದ ಕೆಲಸ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ಓದಿದರೆ ಗೊತ್ತಾಗುತ್ತೆ, ಮೊದಲ ಏಳು ಜನರನ್ನು ಆರಿಸಿದ್ದೇ ವಿಧವೆಯರಿಗೆ ಊಟ ಸರಿಯಾಗಿ ಹಂಚುತ್ತಿಲ್ಲ ಅನ್ನೋ ಜಗಳ ಬಗೆಹರಿಸೋಕೆ. ಆ ಏಳರಲ್ಲಿ ಒಬ್ಬ ಸ್ತೆಫನ. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಜನ ಕಲ್ಲು ಹೊಡೆದು ಕೊಂದರು. ನಮ್ಮ ಅಂಕಲ್ ಉಳಿದದ್ದು ನಾವು ಒಳ್ಳೆಯವರು ಅಂತಲ್ಲ. ಚರ್ಚಿನ ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸಿದ್ದೆವು, ಒಂದು ಕಲ್ಲೂ ಕೈಗೆ ಸಿಗುತ್ತಿರಲಿಲ್ಲ.

ಸಭಾಸೇವಕರು ಎರಡು ಮಾತಿನವರಾಗಿರಬಾರದು, ಕುಡಿತಕ್ಕೆ ಬಿದ್ದವರಾಗಿರಬಾರದು ಅಂತ ಪೌಲ ತಿಮೊಥೆಯನಿಗೆ ಬರೆದಿದ್ದಾನೆ. ಮೊದಲನೆಯದನ್ನು ಅಂಕಲ್ ಲೈಸೆನ್ಸ್ ಅಂತಲೇ ಇಟ್ಟುಕೊಂಡಿದ್ದರು. ಎರಡನೆಯದರಿಂದ ಬೀದಿಗೇ ನಷ್ಟವಾಯಿತು. ಮಿಲಿಟರಿ ಕ್ಯಾಂಟೀನ್ ಕಾರ್ಡಿದ್ದ ಮನುಷ್ಯ ಬಾಟಲಿ ಮುಟ್ಟುವುದಿಲ್ಲ ಅಂದರೆ ಅಕ್ಕಪಕ್ಕದವರ ಸಂಕಟ ಊಹಿಸಿ. ವರ್ಷಕ್ಕೊಂದೇ ಬಾಟಲಿ ರಮ್ ಮನೆಗೆ ಬರುತ್ತಿತ್ತು. ಅದನ್ನೂ ಆಂಟಿ ಕ್ರಿಸ್‌ಮಸ್ ಕೇಕಿನ ದ್ರಾಕ್ಷಿ ಗೋಡಂಬಿ ಮೇಲೆ ಸುರಿದುಬಿಡುತ್ತಿದ್ದರು. ಡಿಸೆಂಬರಿನಲ್ಲಿ ಆ ಮನೆ ಕೇಕಿಗೆ ಭಕ್ತರು ಜಾಸ್ತಿ.

ಅಂಕಲ್ ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಸೈನ್ಯದ ಎಂಜಿನಿಯರ್ ದಳದಲ್ಲಿ, ಹವಾಲ್ದಾರ್ ಆಗಿದ್ದವರು. ಹಲಸೂರು ಕೆರೆ ಪಕ್ಕದ ಎಂ.ಇ.ಜಿ. ಸೆಂಟರ್ ಗೊತ್ತಲ್ವಾ, ಅದೇ. ಹೆಸರು ಮದ್ರಾಸ್, ಮನೆ ಬೆಂಗಳೂರು, ಸೈನ್ಯದಲ್ಲಿ ಅವರನ್ನು ಕರೆಯೋದು 'ತಂಬಿ' ಅಂತ. 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಶಕರ್‌ಗಢದ ಕಡೆ ಬಸಂತರ್ ನದಿ ಹತ್ತಿರ ಇವರ 9ನೇ ಎಂಜಿನಿಯರ್ ರೆಜಿಮೆಂಟು ಮೈನುಗಳನ್ನು, ಅಂದರೆ ನೆಲದಲ್ಲಿ ಹೂತಿಟ್ಟ ಬಾಂಬುಗಳನ್ನು, ತೆಗೆದು ನಮ್ಮ ಟ್ಯಾಂಕುಗಳಿಗೆ ದಾರಿ ಮಾಡಿತ್ತು. ಕತ್ತಲಲ್ಲಿ ನೆಲ ಚುಚ್ಚಿ ಹುಡುಕುವ ಕೆಲಸ. ನೆಟ್ಟಗೆ ಚುಚ್ಚಬಾರದು, ಓರೆಯಾಗಿ ಚುಚ್ಚಬೇಕು, ಯಾಕಂದರೆ ಮೈನು ಸಿಡಿಯೋದು ಮೇಲಿನಿಂದ ಒತ್ತಿದಾಗ ಅಂತ ಅಂಕಲ್ ಹುರಿಗಡಲೆ ತಿನ್ನುತ್ತಾ ವಿವರಿಸುತ್ತಿದ್ದರು. ನೆಲವನ್ನು ಓರೆಯಾಗಿ ಚುಚ್ಚಲು ಕಲಿತವರು ಜನರನ್ನು ಮಾತ್ರ ನೆಟ್ಟಗೇ ಚುಚ್ಚಿದರು.

ದಾರಿ ಪೂರ್ತಿ ತೆರವಾಗುವ ಮೊದಲೇ ಟ್ಯಾಂಕಿನವರು ನುಗ್ಗಿದರಂತೆ. ಎದುರಿನಿಂದ ಶತ್ರುಗಳ ಟ್ಯಾಂಕುಗಳು ಬರುತ್ತಿದ್ದವು, ಕಾಯುವಂತಿರಲಿಲ್ಲ. "ಅವರು ನುಗ್ಗಿದ್ದಕ್ಕೆ ಅರ್ಥ ಇತ್ತು" ಅನ್ನುತ್ತಿದ್ದರು ಅಂಕಲ್. "ಅಯ್ಯನೋರು ಕೊನೇ ಆಶೀರ್ವಾದ ಹೇಳೋ ಮುಂಚೆ ಬಿರಿಯಾನಿಗೆ ಅಂತ ನುಗ್ತೀರಲ್ಲ, ನಿಮ್ಮ ಹಿಂದೆ ಯಾವ ಟ್ಯಾಂಕ್ ಬರ್ತಿದೆ?"

ಮೈನು ತೆಗೆದ ದಾರಿಯ ಗುರುತಿಗೆ ಬಿಳಿ ಟೇಪು ಕಟ್ಟುತ್ತಾರಂತೆ. ಅದೇ ಅಭ್ಯಾಸದಲ್ಲಿ ಚರ್ಚಿನ ಪಾರ್ಕಿಂಗಿಗೂ ಬಿಳಿ ಗೆರೆ ಎಳೆದಿದ್ದರು. ಒಂದು ಸಲ ನನ್ನ ಸ್ಕೂಟರಿನ ಹಿಂದಿನ ಚಕ್ರ ಗೆರೆ ದಾಟಿತ್ತು. ಅವತ್ತಿನ ಪ್ರಕಟಣೆಯಲ್ಲಿ ಒಂದು ಮದುವೆ, ಇಬ್ಬರು ರೋಗಿಗಳು, ಆಮೇಲೆ ನನ್ನ ಗಾಡಿ ನಂಬರ್. "ಇವರಿಗಾಗಿಯೂ ಪ್ರಾರ್ಥಿಸೋಣ" ಅಂದರು. ಜನ ಪಾಪ ನಿಜವಾಗಿಯೂ ಕಣ್ಣು ಮುಚ್ಚಿದರು.

ಅದಕ್ಕಿಂತ ದುಬಾರಿಯಾದದ್ದು ಸುಗ್ಗಿ ಹಬ್ಬ. ಗೊತ್ತಿಲ್ಲದವರಿಗೆ ಹೇಳಬೇಕು: ಆ ಭಾನುವಾರ ಸಭೆಯವರು ತರಕಾರಿ, ಹಣ್ಣು, ಕೇಕು, ಕೋಳಿ ಎಲ್ಲ ಕಾಣಿಕೆ ತರುತ್ತಾರೆ, ಆರಾಧನೆ ಮುಗಿದ ಮೇಲೆ ಹರಾಜು. ಕೂಗುವವರು ಅಂಕಲ್. ಒಂದು ಕುಂಬಳಕಾಯಿ ನಾನೂರು ದಾಟಿತು. ನಾನು ಹೆಂಡತಿ ಕಡೆ ತಿರುಗಿ ಆಶ್ಚರ್ಯದಿಂದ "ಐನೂರಾ?" ಅಂದೆ. ಅಷ್ಟೇ.

"ಐನೂರು! ಒಂದ್ ಸರಿ!"

"ಅಂಕಲ್, ನಾನು ಸುಮ್ನೆ ಕೇಳಿದ್ದು..."

"ಪ್ರಶ್ನೆ ಚಿಹ್ನೆ ಕೇಳಿಸಲಿಲ್ಲ. ಎರಡ್ ಸರಿ! ಮೂರ್ ಸರಿ!"

ಆ ಕುಂಬಳಕಾಯಿಯನ್ನು ಹುಳಿ ಮಾಡಿದೆವು, ಪಲ್ಯ ಮಾಡಿದೆವು, ಕಡುಬು ಮಾಡಿದೆವು. ಪಕ್ಕದ ಮನೆಗೆ ಅರ್ಧ ಕೊಟ್ಟೆವು. ಅವರು ಮೂರನೇ ದಿನ ಡಬ್ಬಿ ವಾಪಸ್ ಕೊಟ್ಟರು, ಖಾಲಿ ಡಬ್ಬಿ ಕೊಡಬಾರದು ಅಂತ ಅದರಲ್ಲಿ ಕುಂಬಳಕಾಯಿ ಹಲ್ವ ಹಾಕಿ.

ಇಷ್ಟೆಲ್ಲ ಆದ ಮೇಲೂ ಪ್ರತಿ ನವೆಂಬರಿನಲ್ಲಿ ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುತ್ತಿದ್ದವನು ನಾನೇ. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ತೋರಿಸಬೇಕಲ್ಲ. 2014ರಲ್ಲಿ ಜೀವನ್ ಪ್ರಮಾಣ್ ಅನ್ನೋ ಡಿಜಿಟಲ್ ಸರ್ಟಿಫಿಕೇಟ್ ಬಂದ ಮೇಲೆ ಹೆಬ್ಬೆಟ್ಟು ಒತ್ತಿದರೆ ಸಾಕು ಅಂದರು. ಅಂಕಲ್ ಹೆಬ್ಬೆಟ್ಟಿನ ಗೆರೆಗಳೆಲ್ಲ ಗುದ್ದಲಿ, ಹಗ್ಗ ಹಿಡಿದೇ ಸವೆದುಹೋಗಿದ್ದವು. ಒತ್ತಿದರು. ಒರೆಸಿ ಒತ್ತಿದರು. ಉಗುಳು ಹಚ್ಚಿ ಒತ್ತಿದರು.

"ಮ್ಯಾಚ್ ಆಗ್ತಿಲ್ಲ ಸಾರ್" ಅಂದ ಕೌಂಟರಿನ ಹುಡುಗ.

"ಬಸಂತರ್‌ನಲ್ಲೇ ಸಾಯಲಿಲ್ಲ ಕಣಯ್ಯಾ, ನಿನ್ನ ಕೌಂಟರಿನಲ್ಲಿ ಸಾಯಬೇಕಾ?"

ಇಡೀ ಬ್ಯಾಂಕು ತಿರುಗಿ ನೋಡಿತು. ನಾನು ಕುರ್ಚಿಯಲ್ಲಿ ಜಾರಿ ಜಾರಿ ಕುಳ್ಳನಾದೆ. ಕೊನೆಗೆ ಉಂಗುರ ಬೆರಳು ಮ್ಯಾಚ್ ಆಯಿತು. ಅಂಕಲ್ ಹೊರಡುವಾಗ ಹುಡುಗನಿಗೆ, "ಊಟ ಮಾಡಿಲ್ಲ ಅನ್ಸುತ್ತೆ, ಮುಖ ಬಾಡಿದೆ. ಮೊದಲು ಹೋಗಿ ಊಟ ಮಾಡು" ಅಂತ ಗದರಿದರು. ಹುಡುಗ ನಿಜವಾಗಿಯೂ ಬೋರ್ಡ್ ತಿರುಗಿಸಿಟ್ಟು ಹೊರಟೇಬಿಟ್ಟ. ಹಿಂದೆ ಸಾಲಿನಲ್ಲಿದ್ದ ಹನ್ನೊಂದು ಪಿಂಚಣಿದಾರರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಸ್ಮರಣೆ ಕೂಟದಲ್ಲಿ ನನ್ನ ಸರದಿ ಬಂದಾಗ ಇದನ್ನೆಲ್ಲ ಹೇಳಬೇಕು ಅಂತಲೇ ಹೋಗಿದ್ದೆ. ಮೈಕ್ ಹಿಡಿದೆ. ಮೊದಲ ಸಾಲಿನಲ್ಲಿ ಆಂಟಿ ಬಿಳಿ ಸೀರೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. "ಅಂಕಲ್ ನನ್ನನ್ನು ಯಾವತ್ತೂ ಬೈದವರಲ್ಲ" ಅಂದು ಬಂದು ಕೂತೆ. ಪಕ್ಕದಲ್ಲಿ ಹೆಂಡತಿ ಸಣ್ಣದಾಗಿ "ಐನೂರಾ?" ಅಂದಳು.

ಫ್ಯಾಮಿಲಿ ಪೆನ್ಷನ್‌ಗೂ ಜೀವಂತ ಇರುವ ಸರ್ಟಿಫಿಕೇಟ್ ಬೇಕು. ಹಾಗಾಗಿ ಈ ನವೆಂಬರಿನಲ್ಲಿ ಆಂಟಿಯನ್ನು ಕರೆದುಕೊಂಡು ಹೋದೆ. ಆಂಟಿ ಹೊರಗೆ ಬಾಯಿ ಬಿಟ್ಟಿದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡವನಲ್ಲ. ಮನೆಯ ಮಾತೆಲ್ಲ ಅಂಕಲ್ ಪಾಲಿಗೇ ಬಿಟ್ಟಿದ್ದವರು. ಅದೇ ಕೌಂಟರ್, ಅದೇ ಹುಡುಗ. ಹೆಬ್ಬೆಟ್ಟು ಮೊದಲ ಸಲಕ್ಕೇ ಮ್ಯಾಚ್ ಆಯಿತು. ನಾನು ನಿಟ್ಟುಸಿರು ಬಿಟ್ಟೆ.

ಆಂಟಿ ಏಳಲಿಲ್ಲ. ಮಿಷನ್ನನ್ನು ಒಂದು ಸಲ ನೋಡಿದರು, ಹುಡುಗನನ್ನು ಒಂದು ಸಲ ನೋಡಿದರು.

"ಗಾಜು ಒರೆಸಿ ಎಷ್ಟು ದಿನ ಆಯ್ತಪ್ಪಾ? ಇಷ್ಟು ಕೊಳೆ ಇದ್ರೆ ನಮ್ಮೆಜಮಾನ್ರ ಬೆರಳು ಹೇಗೆ ಕಾಣ್ಸುತ್ತೆ?"

ಹುಡುಗ ಕರ್ಚೀಫು ತೆಗೆದು ಒರೆಸತೊಡಗಿದ. ಇಡೀ ಬ್ಯಾಂಕು ತಿರುಗಿ ನೋಡಿತು. ಆಂಟಿ ಸೆರಗು ಸರಿ ಮಾಡಿಕೊಂಡು ಹೊರಗೆ ಬಂದು ನನ್ನ ಸ್ಕೂಟರ್ ಮುಂದೆ ನಿಂತರು.

"ಇದೇನಪ್ಪಾ, ಹೀಗೆ ಸೊಟ್ಟಗೆ ನಿಲ್ಲಿಸಿದ್ದೀಯ?"